ಹುತಾಶನನ ಅಜೀರ್ಣ



ಈ ದತ್ತಿ ಉಪನ್ಯಾಸಕ್ಕೆ ವಿಷಯವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ನನಗೇ ಬಿಟ್ಟುಕೊಟ್ಟಿದ್ದ ಸಮಿತಿಯವರು, ನಾನು ಪಟ್ಟಣದ ಕಸವನ್ನು ಸುಡುವಾಗ ಏಳುವ ಹೊಗೆಯನ್ನು ಕುರಿತು ಮಾತನಾಡುವೆನೆಂದು ಅರಿಕೆ ಮಾಡಿಕೊಂಡಾಗ, ಕ್ಷಣಕಾಲ ಮೌನವಾಗಿದ್ದು ಆಮೇಲೆ ಸೌಜನ್ಯದಿಂದ “ಹಾಗೇ ಆಗಲಿ” ಎಂದರು. ಆ ಮೌನದ ಅರ್ಥವನ್ನು ನಾನು ಬಲ್ಲೆನು. ಕಾವ್ಯ, ಶಾಸನ, ಸಂಗೀತಗಳ ಚರ್ಚೆಯಿಂದ ಸಂಸ್ಕಾರಗೊಂಡಿರುವ ಇಂಥ ಸಭಾಮಂದಿರದಲ್ಲಿ ತಿಪ್ಪೆಯ ಮಾತನ್ನು ಎತ್ತುವುದು, ಮದುವೆಯ ಮನೆಯ ಹೆಬ್ಬಾಗಿಲಲ್ಲಿ ನಿಂತು ಎಂಜಲೆಲೆಯ ಲೆಕ್ಕವನ್ನು ಕೇಳಿದಂತೆ. ಆದರೆ ಊಟ ಮುಗಿದ ಮೇಲೆ ಎಲೆಯನ್ನು ಯಾರೋ ಎತ್ತಲೇಬೇಕು. ಎತ್ತಿದ ಎಲೆ ಎಲ್ಲಿಗೋ ಹೋಗಲೇಬೇಕು. ಆ “ಎಲ್ಲಿಗೋ” ಎಂಬ ಮಾತಿನ ಅಸ್ಪಷ್ಟತೆಯಲ್ಲಿಯೇ ನನ್ನ ಇಂದಿನ ಉಪನ್ಯಾಸವೆಲ್ಲವೂ ಅಡಗಿದೆ.

ಮಾಗಿಯ ಮುಂಜಾನೆ, ಸೂರ್ಯನು ಇನ್ನೂ ಮನೆಗಳ ಮಾಡನ್ನು ದಾಟಿ ಮೇಲೇರದ ಹೊತ್ತಿನಲ್ಲಿ, ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ವಾಯುಸೇವನೆಗೆಂದು ಹೊರಟವರಿಗೆ ಒಂದು ದೃಶ್ಯವು ಚಿರಪರಿಚಿತವಾದುದು. ರಸ್ತೆಯ ಮೂಲೆಯಲ್ಲಿ, ಮಳೆಮರದ ಬುಡದಲ್ಲಿ, ಗುಡಿಸಿ ಒಟ್ಟಿದ ತರಗೆಲೆಯ ಗುಡ್ಡೆಯೊಂದು ಉರಿಯದೆ, ನಂದದೆ, ಸುಮ್ಮನೆ ಹೊಗೆಯಾಡುತ್ತಿರುತ್ತದೆ. ಅದರ ಪಕ್ಕದಲ್ಲಿ ಕಾವಲುಗಾರನೊಬ್ಬನು ಕುಕ್ಕುರುಗಾಲಲ್ಲಿ ಕುಳಿತು ಅಂಗೈಗಳನ್ನು ಕಾಯಿಸಿಕೊಳ್ಳುತ್ತಿರುತ್ತಾನೆ. ಹೊಗೆ ಮೇಲಕ್ಕೆ ಹೋಗುವುದಿಲ್ಲ. ನೆಲಕ್ಕೆ ಹತ್ತಿದ ಗಾಳಿಯು ಮೇಲಣ ಗಾಳಿಗಿಂತ ತಣ್ಣಗಿರುವ ಆ ಹೊತ್ತಿನಲ್ಲಿ ಅದು ಆಳೆತ್ತರದಲ್ಲಿಯೇ ಬೆಳ್ಳಗಿನ ಪಟ್ಟಿಯಾಗಿ ಹರಡಿ, ಗೇಟುಗಳ ಸಂದಿಯಿಂದ ನುಸುಳಿ, ಶಾಲೆಯ ವಾಹನಕ್ಕೆ ಕಾದು ನಿಂತ ಮಕ್ಕಳ ಸುತ್ತ ಸುಳಿಯುತ್ತದೆ. ಎಲೆಯ ಕಮಟು ವಾಸನೆಯ ನಡುವೆ ಒಮ್ಮೊಮ್ಮೆ ಗಂಟಲನ್ನು ಹಿಡಿಯುವ ಮತ್ತೊಂದು ವಾಸನೆಯೂ ಬರುತ್ತದೆ. ನಾವು ಮೂಗಿಗೆ ಕರವಸ್ತ್ರವನ್ನು ಹಿಡಿದು ಹತ್ತು ಹೆಜ್ಜೆಯನ್ನು ಬಿರುಸಾಗಿ ಇಟ್ಟು, ಆಮೇಲೆ ಅದನ್ನು ಮರೆಯುತ್ತೇವೆ.

ಮರೆಯುವುದು ನಮಗೆ ಸುಲಭವಾಗಿರುವುದಕ್ಕೆ ಕಾರಣವು ಕೇವಲ ಔದಾಸೀನ್ಯವಲ್ಲ, ಅದರ ಹಿಂದೆ ಒಂದು ಶ್ರದ್ಧೆಯಿದೆಯೆಂದು ನನ್ನ ಭಾವನೆ. ಅಗ್ನಿಯನ್ನು ನಾವು ಪಾವಕನೆಂದು ಕರೆಯುತ್ತ ಬಂದವರು, ಪಾವಕನೆಂದರೆ ಪಾವನಗೊಳಿಸುವವನು. ಭಾರತದ ಆದಿಪರ್ವದಲ್ಲಿ ಒಂದು ಕಥೆಯುಂಟು. ರಾಕ್ಷಸನೊಬ್ಬನು ಕೇಳಿದ ಪ್ರಶ್ನೆಗೆ ಸತ್ಯವನ್ನೇ ನುಡಿದ ತಪ್ಪಿಗಾಗಿ ಅಗ್ನಿಯು ಭೃಗುಮಹರ್ಷಿಯ ಕೋಪಕ್ಕೆ ಗುರಿಯಾಗಿ, “ಸರ್ವಭಕ್ಷಕನಾಗು” ಎಂಬ ಶಾಪವನ್ನು ಪಡೆಯುತ್ತಾನೆ. ಕಂಡದ್ದನ್ನೆಲ್ಲ ತಿನ್ನಬೇಕಾದ ಹೇಸಿಗೆಯಿಂದ ನೊಂದು ಅವನು ಲೋಕದಿಂದ ತನ್ನನ್ನು ಹಿಂತೆಗೆದುಕೊಂಡಾಗ, ಬ್ರಹ್ಮನು ಶಾಪವನ್ನು ತಿದ್ದಿ, ಸೂರ್ಯಕಿರಣವು ಮುಟ್ಟಿದ್ದು ಹೇಗೆ ಶುಚಿಯೋ ಹಾಗೆ ನಿನ್ನ ಜ್ವಾಲೆಯಲ್ಲಿ ಬೆಂದದ್ದೆಲ್ಲವೂ ಶುಚಿಯಾಗಲೆಂದು ಸಮಾಧಾನ ಮಾಡುತ್ತಾನೆ. ಈ ತಿದ್ದುಪಡಿಯನ್ನು ನಾವು ಸಹಸ್ರಾರು ವರ್ಷಗಳಿಂದ ನಂಬಿಕೊಂಡು ಬಂದಿದ್ದೇವೆ. ಆದರೆ ಅದೇ ಪರ್ವದಲ್ಲಿ ಮುಂದೆ ಬರುವ ಮತ್ತೊಂದು ಕಥೆಯನ್ನು, ಖಾಂಡವದಹನದ ಸಂಭ್ರಮದಲ್ಲಿ, ನಾವು ಅಷ್ಟಾಗಿ ಮನಸ್ಸಿಗೆ ತಂದುಕೊಂಡಿಲ್ಲ: ಶ್ವೇತಕಿಯೆಂಬ ರಾಜನು ಹನ್ನೆರಡು ವರ್ಷ ಎಡೆಬಿಡದೆ ಸುರಿದ ತುಪ್ಪವನ್ನುಂಡು ಅಗ್ನಿಗೆ ಅಜೀರ್ಣವಾಯಿತು; ತೇಜಸ್ಸು ಕುಂದಿತು, ಮೈ ಬಿಳಿಚಿತು. ಸರ್ವಭಕ್ಷಕನಿಗೂ ಜೀರ್ಣವಾಗದುದೊಂದುಂಟು ಎಂಬುದನ್ನು ಪ್ರಾಚೀನರು ತಿಳಿದಿದ್ದರು. ಅದೂ ತುಪ್ಪದಂಥ ಶುದ್ಧವಸ್ತುವಿನಿಂದ ಆದ ಅಜೀರ್ಣ! ನಾವು ಈಗ ಅವನಿಗೆ ಬಡಿಸುತ್ತಿರುವುದು ಏನೆಂಬುದನ್ನು ಸ್ವಲ್ಪ ನೋಡೋಣ.

ನನ್ನ ಬಾಲ್ಯದ ಹಳ್ಳಿಯ ಮನೆಯ ಹಿತ್ತಿಲಲ್ಲಿ ಒಂದು ತಿಪ್ಪೆಯಿದ್ದಿತು. ಸಗಣಿ, ಒಲೆಯ ಬೂದಿ, ತರಕಾರಿಯ ಸಿಪ್ಪೆ, ದನ ತಿಂದು ಬಿಟ್ಟ ಹುಲ್ಲು, ಒಡೆದ ಮಡಕೆಯ ಚೂರು, ಹರಿದ ಕಂಬಳಿಯ ತುಂಡು: ಇದಿಷ್ಟೇ ಅದರ ಸಂಪತ್ತು. ಮುಂಗಾರಿಗೆ ಮೊದಲು ಗಾಡಿ ಕಟ್ಟಿ ಅದನ್ನು ಹೊಲಕ್ಕೆ ಹೊಡೆದರೆ ವರ್ಷದ ಲೆಕ್ಕ ಚುಕ್ತವಾಗುತ್ತಿತ್ತು. ಅದರಲ್ಲಿ ಬೆಂಕಿಗೆ ಹಾಕತಕ್ಕ ವಸ್ತುವೇ ಇರಲಿಲ್ಲ, ಹಾಕಿದ್ದರೂ ಹೊಗೆಯು ಕಣ್ಣನ್ನು ಉರಿಸುತ್ತಿತ್ತೇ ಹೊರತು ಹೆಚ್ಚಿನ ಹಾನಿಯನ್ನು ಮಾಡುತ್ತಿರಲಿಲ್ಲವೆಂದು ಹಳಬರು ಹೇಳುತ್ತಾರೆ. ಇದು ಪೂರ್ತಿ ನಿಜವಲ್ಲ. ಸೌದೆಯ ಹೊಗೆಯಲ್ಲಿಯೂ ಕಾರ್ಬನ್ ಮಾನಾಕ್ಸೈಡ್ ಉಂಟು, ಬೆಂಜೀನ್ ಉಂಟು, ಕೂದಲಿನ ದಪ್ಪದ ಇಪ್ಪತ್ತೈದನೆಯ ಒಂದು ಭಾಗಕ್ಕಿಂತಲೂ ಸಣ್ಣದಾಗಿ ಶ್ವಾಸಕೋಶದ ಕೊನೆಯ ಗೂಡನ್ನು ಮುಟ್ಟಬಲ್ಲ ಮಸಿಯ ಕಣಗಳುಂಟು. ನಮ್ಮ ತಾಯಂದಿರ ಕೆಮ್ಮು ಒಲೆಯ ಮುಂದೆ ಹುಟ್ಟಿದ್ದೇ. ಗತಕಾಲವನ್ನು ಹೊಗಳುವ ಭರದಲ್ಲಿ ಅದನ್ನು ಮರೆಯುವುದು ತರವಲ್ಲ. ಆದರೆ ಇಂದಿನ ಪಟ್ಟಣದ ಕಸದಲ್ಲಿ ಆ ತಿಪ್ಪೆ ಕಂಡರಿಯದ ವಸ್ತುಗಳು ಸೇರಿವೆ. ನೀರಿನ ಕೊಳವೆ, ತಂತಿಯ ಹೊದಿಕೆ, ಜಾಹೀರಾತಿನ ಹಾಳೆ ಮುಂತಾದುವುಗಳಲ್ಲಿರುವ ಪಿ.ವಿ.ಸಿ. ಎಂಬ ಪ್ಲಾಸ್ಟಿಕ್ಕಿನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು, ನೂರಕ್ಕೆ 57 ಭಾಗದಷ್ಟು, ಕ್ಲೋರಿನ್ನೇ ಆಗಿದೆ. ಅದು ಉರಿದಾಗ ಗಂಟಲನ್ನು ಹಿಡಿಯುವ ಹೈಡ್ರೋಕ್ಲೋರಿಕ್ ಆಮ್ಲದ ಆವಿ ಏಳುತ್ತದೆ. ಕೊಳವೆದೀಪ, ಹಳೆಯ ಉಷ್ಣಮಾಪಕಗಳಲ್ಲಿ ಪಾದರಸ, ಬ್ಯಾಟರಿಗಳಲ್ಲಿ ಕ್ಯಾಡ್ಮಿಯಂ, ಬಣ್ಣದಲ್ಲಿ ಸೀಸ, ಎಲ್ಲೆಲ್ಲಿಯೂ ತಾಮ್ರದ ಎಳೆ. ತಾಮ್ರವೆಂಬ ಈ ಕೊನೆಯ ಹೆಸರನ್ನು ದಯವಿಟ್ಟು ನೆನಪಿಡಬೇಕು. ಮುಂದೆ ಅದಕ್ಕೊಂದು ಖಳಪಾತ್ರವಿದೆ.

ಕಸವನ್ನು ಒಲೆಯೊಳಗಿಟ್ಟು ಸುಡಬೇಕೆಂಬ ಯೋಚನೆಯು ನಮ್ಮದಲ್ಲ. 1874ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಪಟ್ಟಣದಲ್ಲಿ ಅಂಥ ಮೊದಲನೆಯ ಕುಲುಮೆಯನ್ನು ಕಟ್ಟಿ ಅದಕ್ಕೆ “ಡಿಸ್ಟ್ರಕ್ಟರ್” ಎಂದು, ಎಂದರೆ ನಾಶಕವೆಂದು, ಹೆಸರಿಟ್ಟರು. ಆ ಹೆಸರಿನ ಆತ್ಮವಿಶ್ವಾಸವನ್ನು ಗಮನಿಸಬೇಕು. ಆದರೆ ಆ ಜನರನ್ನು ನಾನು ಹಳಿಯಲಾರೆನು. 1892ರಲ್ಲಿ ಜರ್ಮನಿಯ ಹ್ಯಾಂಬರ್ಗ್ ಬಂದರಿಗೆ ಕಾಲರಾ ಬಂದು ಎಂಟು ಸಾವಿರಕ್ಕೂ ಹೆಚ್ಚು ಜನ ಕೆಲವೇ ವಾರಗಳಲ್ಲಿ ಸತ್ತಾಗ, ಅಲ್ಲಿಯವರೆಗೆ ಪಟ್ಟಣದ ಕಸವನ್ನು ಗೊಬ್ಬರಕ್ಕೆಂದು ಕೊಳ್ಳುತ್ತಿದ್ದ ಸುತ್ತಲ ಹಳ್ಳಿಗಳವರು, ರೋಗವು ಅದರೊಡನೆ ಬಂದೀತೆಂಬ ಭಯದಿಂದ ಗಾಡಿಗಳನ್ನು ಎಲ್ಲೆಯಲ್ಲಿಯೇ ತಡೆದರು. ಕಸಕ್ಕೆ ಹೋಗಲು ತಾವಿಲ್ಲದೆ ಪಟ್ಟಣವು ಕುಲುಮೆಯನ್ನು ಕಟ್ಟಿತು. ರೋಗಾಣುವೇ ಶತ್ರುವಾಗಿದ್ದ ಕಾಲದಲ್ಲಿ ಬೆಂಕಿಗಿಂತ ಯೋಗ್ಯವಾದ ಆಯುಧವಾವುದು? ಹೊಗೆಯ ಮಾತು ಬಂದಾಗ ಚಿಮಣಿಯನ್ನು ಇನ್ನಷ್ಟು ಎತ್ತರಿಸಿದರು. ಹೊಗೆಯು ಊರಿನಾಚೆ ಎಲ್ಲಿಗೋ ಹೋಯಿತು. ಇಲ್ಲಿಯೂ “ಎಲ್ಲಿಗೋ”.

ಹೀಗೆ ನೂರು ವರ್ಷ ನಡೆಯಿತು. ಆ ಶತಮಾನದ ಕೊನೆಗೆ ಎರಡು ಘಟನೆಗಳು ಒಂದರ ಹಿಂದೊಂದು ಸಂಭವಿಸಿದವು. 1976ನೆಯ ಜುಲೈ 10ರಂದು ಇಟಲಿಯ ಸೆವೆಸೋ ಎಂಬ ಊರಿನ ಬಳಿಯ ರಾಸಾಯನಿಕ ಕಾರ್ಖಾನೆಯಿಂದ ಹೊರಬಿದ್ದ ಮೋಡವೊಂದು ಮನೆ ತೋಟಗಳ ಮೇಲೆ ಇಳಿದು, ಮೊಲ ಕೋಳಿಗಳು ಸತ್ತು ಬಿದ್ದು, ಮಕ್ಕಳ ಮುಖದ ಮೇಲೆ ಭೀಕರವಾದ ಗುಳ್ಳೆಗಳೆದ್ದಾಗ, ಡಯಾಕ್ಸಿನ್ ಎಂಬ ಹೆಸರು ಪತ್ರಿಕೆಗಳನ್ನು ಓದುವವರಿಗೆಲ್ಲ ಪರಿಚಿತವಾಯಿತು. ಅದಕ್ಕೆ ಮರುವರ್ಷವೇ, 1977ರಲ್ಲಿ, ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾನಿಲಯದ ಓಲೀ, ಫೆರ್ಮ್ಯೂಲೆನ್ ಮತ್ತು ಹುಟ್ಸಿಂಗರ್ ಎಂಬ ಮೂವರು ವಿಜ್ಞಾನಿಗಳು, ಹಾಲೆಂಡಿನ ಪುರಸಭೆಗಳ ಕಸದ ಕುಲುಮೆಗಳಿಂದ ತಂದ ಹಾರುಬೂದಿಯಲ್ಲಿಯೂ ಹೊಗೆಯಲ್ಲಿಯೂ ಅದೇ ಕುಲದ ವಿಷಗಳು ಇರುವುದನ್ನು ಪ್ರಕಟಪಡಿಸಿದರು. ಸೆವೆಸೋದಲ್ಲಿ ಆದದ್ದು ಅಪಘಾತ. ಇಲ್ಲಿ ಅಪಘಾತವೇನೂ ಆಗಿರಲಿಲ್ಲ. ಕುಲುಮೆಗಳು ನಿತ್ಯದಂತೆ ತಮ್ಮ ಕೆಲಸವನ್ನು ಮಾಡುತ್ತಿದ್ದವು, ಅಷ್ಟೇ.

ಈ ಡಯಾಕ್ಸಿನ್ ಎಂಬುದು ಒಂದು ವಸ್ತುವಲ್ಲ, ಒಂದು ವಂಶ. ಅದರಲ್ಲಿ 75 ಮಂದಿ, ಅದರ ದಾಯಾದಿಯಾದ ಫ್ಯೂರಾನಿನ ವಂಶದಲ್ಲಿ 135 ಮಂದಿ. ಈ 210ರಲ್ಲಿ ನಿಜವಾಗಿ ಭಯಪಡಬೇಕಾದವರು 17 ಮಂದಿ. ಯಾರೂ ಇವನ್ನು ಬೇಕೆಂದು ತಯಾರಿಸುವುದಿಲ್ಲ, ಅಂಗಡಿಯಲ್ಲಿ ಮಾರುವುದಿಲ್ಲ. ಆದ್ದರಿಂದ ಕಸದೊಳಗೆ ಇವು ಹೇಗೆ ಬಂದವೆಂಬ ಪ್ರಶ್ನೆಯು ಆ ಕಾಲದ ಪಂಡಿತರನ್ನು ಬಹಳವಾಗಿ ಕಾಡಿತು. ಕಸದೊಡನೆ ಒಳಗೆ ಹೋದ ವಿಷವು ಸುಡದೆ ಹೊರಗೆ ಬರುತ್ತಿದೆಯೆಂದು ಮೊದಲು ಊಹಿಸಿದರು. ಹಾಗಾಗಿದ್ದರೆ ಪರಿಹಾರವು ಸುಲಭವಾಗುತ್ತಿತ್ತು. ಬೆಂಕಿಯನ್ನು ಇನ್ನಷ್ಟು ಪ್ರಖರವಾಗಿಸಿದರೆ ಸಾಕು. ಪರೀಕ್ಷಿಸಿ ನೋಡಿದಾಗ ತಿಳಿದುಬಂದ ಸಂಗತಿಯು ಇದಕ್ಕಿಂತ ವಿಲಕ್ಷಣವಾಗಿತ್ತು. ಜ್ವಾಲೆಯು ನಿರ್ದೋಷಿ. ಹೊಗೆಯು 850 ಡಿಗ್ರಿ ಸೆಲ್ಸಿಯಸ್‌ಗೆ ಮೇಲ್ಪಟ್ಟ ತಾಪದಲ್ಲಿ ಎರಡು ಸೆಕೆಂಡುಗಳಷ್ಟು ಕಾಲ, ಸಾಕಷ್ಟು ಆಮ್ಲಜನಕದೊಡನೆ, ಚೆನ್ನಾಗಿ ಕದಡಿಕೊಂಡು ಇದ್ದರೆ ಡಯಾಕ್ಸಿನ್ ಒಡೆದು ಹೋಗುತ್ತದೆ. ವಿಷವು ಹುಟ್ಟುವುದು ಬೆಂಕಿಯಲ್ಲಲ್ಲ, ಬೆಂಕಿಯನ್ನು ಬಿಟ್ಟು ಹೊರಟ ಹೊಗೆಯು ತಣ್ಣಗಾಗುವ ದಾರಿಯಲ್ಲಿ. ನಾಲ್ಕುನೂರು ಡಿಗ್ರಿಯಿಂದ ಇನ್ನೂರು ಡಿಗ್ರಿಗೆ ಅದು ಇಳಿಯುತ್ತಿರುವಾಗ, ಹಾರುಬೂದಿಯ ಕಣಗಳಿಗೆ ಅಂಟಿಕೊಂಡ ಸುಡದ ಇಂಗಾಲವೂ, ಕಸದಿಂದ ಬಿಡುಗಡೆಯಾದ ಕ್ಲೋರಿನ್ನೂ, ಗಾಳಿಯ ಆಮ್ಲಜನಕವೂ, ನಾನು ಆಗಲೇ ನೆನಪಿಡಬೇಕೆಂದು ಬೇಡಿಕೊಂಡ ತಾಮ್ರದ ಪೌರೋಹಿತ್ಯದಲ್ಲಿ ಕೂಡಿಕೊಂಡು, ಮೊದಲಿಲ್ಲದ ವಿಷವೊಂದನ್ನು ಹೊಸದಾಗಿ ಕಟ್ಟುತ್ತವೆ. ಮುನ್ನೂರು ಡಿಗ್ರಿಯ ಆಸುಪಾಸಿನಲ್ಲಿ ಈ ವಿವಾಹವು ಅತ್ಯಂತ ವೇಗವಾಗಿ ನಡೆಯುತ್ತದೆ. ಇನ್ನೊಂದು ವಿಡಂಬನೆ: ಬೂದಿಯನ್ನು ಹಿಡಿಯಲೆಂದು ಚಿಮಣಿಯ ದಾರಿಯಲ್ಲಿ ಇಟ್ಟಿದ್ದ ವಿದ್ಯುತ್ ಶೋಧಕಗಳನ್ನು ಸರಿಯಾಗಿ ಇದೇ ತಾಪದಲ್ಲಿ ನಡೆಸುತ್ತಿದ್ದುದರಿಂದ, ಹೊಗೆಯನ್ನು ತೊಳೆಯಬೇಕಾದ ಯಂತ್ರವೇ ವಿಷದ ಕಮ್ಮಟವಾಗಿತ್ತು. ಉಪ್ಪಿನಕಾಯಿ ಸೇರಿದ ಎಂಜಲೆಲೆಯೂ ಕ್ಲೋರಿನ್ನನ್ನು ಕೊಡಬಲ್ಲುದು. ಪ್ಲಾಸ್ಟಿಕ್ಕೊಂದನ್ನೇ ದೂಷಿಸಿ ಪ್ರಯೋಜನವಿಲ್ಲ. ಬೆರಕೆಯೇ ಇಲ್ಲಿ ಮೂಲದೋಷ. ತಾಮ್ರದ ತಂತಿಯಷ್ಟೇ ಇದ್ದರೆ, ಉಪ್ಪಷ್ಟೇ ಇದ್ದರೆ, ಕಾಗದವಷ್ಟೇ ಇದ್ದರೆ ನಿರುಪದ್ರವಿಗಳಾಗಿರಬಹುದಾದ ವಸ್ತುಗಳು ಒಂದೇ ಚೀಲದಲ್ಲಿ ಕೂಡಿ ಬೆಂಕಿಯ ಬಾಯಿಗೆ ಬಿದ್ದಾಗ ಹೀಗಾಗುತ್ತದೆ.

ಪಾವಕನು ಪಾವನಗೊಳಿಸುವನೆಂಬ ನಮ್ಮ ಶ್ರದ್ಧೆಯು ಬಿರುಕುಬಿಡುವುದು ಈ ಸ್ಥಳದಲ್ಲಿ. ನಾಶಕವೆಂದು ಕರೆಸಿಕೊಂಡ ಯಂತ್ರವು ನಾಶವನ್ನು ಮಾಡುವುದಿಲ್ಲ; ಪಾದರಸವನ್ನು ಅದು ಆವಿಯಾಗಿಸೀತು, ಸೀಸವನ್ನು ಧೂಳಾಗಿಸೀತು, ಎರಡರ ಒಂದು ಪರಮಾಣುವನ್ನೂ ಇಲ್ಲವಾಗಿಸಲಾರದು. ಅದರ ಮೇಲೆ, ಕೊಟ್ಟದ್ದರಲ್ಲಿ ಇಲ್ಲದುದನ್ನು ಸೇರಿಸಿ ಹಿಂದಿರುಗಿಸುತ್ತದೆ.

ಹಿಂದಿರುಗಿದ ವಿಷವು ಎಷ್ಟು, ಅದು ಯಾರನ್ನು ತಲುಪುತ್ತದೆ ಎಂಬ ಪ್ರಶ್ನೆಗೆ 1989ರಲ್ಲಿ ಹಾಲೆಂಡಿನ ದನಗಳು ಉತ್ತರವನ್ನು ಹೇಳಿದವು. ರಾಟರ್‌ಡ್ಯಾಮ್ ಬಂದರಿನ ಬಳಿ ಲಿಕ್ಕೆಬಾರ್ಟ್ ಎಂಬ ಹುಲ್ಲುಗಾವಲಿನ ಪ್ರದೇಶವಿದೆ. ಆ ಸೀಮೆಯ ಹಸುಗಳ ಹಾಲಿನಲ್ಲಿ ಡಯಾಕ್ಸಿನ್ ಕಂಡುಬಂದು, ಒಂದು ಗ್ರಾಂ ಕೊಬ್ಬಿಗೆ ಆರು ಪಿಕೊಗ್ರಾಂ ಎಂಬ ಮಿತಿಯನ್ನು ಮೀರಿತೆಂದು ಆ ಹಾಲಿನ ಮಾರಾಟವನ್ನು ಸರಕಾರವು ನಿಲ್ಲಿಸಿತು. ಪಿಕೊಗ್ರಾಂ ಎಂದರೆ ಒಂದು ಗ್ರಾಮನ್ನು ಲಕ್ಷಕೋಟಿ ಪಾಲು ಮಾಡಿದರೆ ಬರುವ ಒಂದು ಪಾಲು. ಇಷ್ಟು ಅಲ್ಪವು ಹಾಲಿಗೆ ಬಂದದ್ದು ದೊಡ್ಡ ಕಸದ ಕುಲುಮೆಯ ಹೊಗೆಯಿಂದ. ಹೊಗೆಯಿಂದ ನೇರವಾಗಿ ನಾವು ಉಸಿರಾಡುವ ಡಯಾಕ್ಸಿನ್ ಸ್ವಲ್ಪವೇ. ಅದು ಧೂಳಿನೊಡನೆ ಹುಲ್ಲಿನ ಮೇಲೆ ಕೂರುತ್ತದೆ. ಹಸುವು ದಿನವೆಲ್ಲ ಮೈದಾನವನ್ನು ಮೇದು ಆ ಹುಲ್ಲಿನ ಸಾರವನ್ನು ತನ್ನ ಕೆಚ್ಚಲಿನಲ್ಲಿ ಕೂಡಿಸುತ್ತದೆ. ನೀರಿನಲ್ಲಿ ಕರಗದ, ಕೊಬ್ಬಿನಲ್ಲಿ ಮಾತ್ರ ಕರಗುವ ಈ ವಿಷವು ಬೆಣ್ಣೆಯ ಮೂಲಕ ನಮ್ಮ ಕೊಬ್ಬಿಗೆ ಬಂದು ನೆಲೆಸುತ್ತದೆ. ಅಲ್ಲಿಂದ ಅದರ ಅರ್ಧವು ಹೊರಗೆ ಹೋಗುವುದಕ್ಕೆ ಏಳರಿಂದ ಹನ್ನೊಂದು ವರ್ಷ ಬೇಕು. ಇದಕ್ಕಿಂತ ವೇಗವಾಗಿ ಇಳಿಸುವ ಒಂದೇ ಸಹಜಮಾರ್ಗವೆಂದರೆ ತಾಯಿಯ ಮೊಲೆಹಾಲು, ಎಂದರೆ ಮುಂದಿನ ತಲೆಮಾರು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಈ ವಂಶದ ಅತ್ಯುಗ್ರನಾದ ಟಿ.ಸಿ.ಡಿ.ಡಿ.ಯನ್ನು 1997ರಲ್ಲಿ ಮನುಷ್ಯನಿಗೆ ಕ್ಯಾನ್ಸರನ್ನು ತರುವ ವಸ್ತುಗಳ ಪ್ರಥಮ ಗುಂಪಿಗೆ ಸೇರಿಸಿತು. ಕಾಮಧೇನುವಿನ ಪ್ರತಿಮೆಯನ್ನು ಮನೆಯಲ್ಲಿಟ್ಟುಕೊಂಡ ನಮಗೆ, ಹಾಲು ಸಾಕ್ಷಿಯಾಗಿ ನಿಂತ ಈ ಪ್ರಸಂಗವು ಇತರರಿಗಿಂತ ಹೆಚ್ಚಾಗಿ ತಟ್ಟಬೇಕು. ನಮ್ಮ ಹಸುಗಳು ಹುಲ್ಲುಗಾವಲನ್ನು ಬಿಟ್ಟು ಬೀದಿಯ ಕಸದ ರಾಶಿಯನ್ನೇ ಮೇಯುತ್ತಿರುವುದನ್ನು ಕಂಡಾಗಲಂತೂ.

ಯುರೋಪಿನವರು ಈ ಅವಮಾನವನ್ನು ಗಂಭೀರವಾಗಿ ತೆಗೆದುಕೊಂಡರು ಎಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಒಂದು ಘನಮೀಟರ್ ಹೊಗೆಗೆ 0.1 ನ್ಯಾನೊಗ್ರಾಂ, ಇದಕ್ಕಿಂತ ಹೆಚ್ಚಿನ ಡಯಾಕ್ಸಿನ್ ಇರಕೂಡದೆಂದು ನಿಯಮ ಮಾಡಿದರು. ಹೊಗೆಯನ್ನು ಕ್ಷಣಾರ್ಧದಲ್ಲಿ ತಣಿಸಿ ಆ ಕೆಟ್ಟ ತಾಪಮಾನವನ್ನು ಜಿಗಿದು ದಾಟಿಸಿದರು. ಸುಣ್ಣವನ್ನು ಸಿಂಪಡಿಸಿ ಆಮ್ಲವನ್ನು ಕಳೆದರು. ಇದ್ದಿಲಿನ ಪುಡಿಯನ್ನು ಊದಿ ಪಾದರಸವನ್ನೂ ಡಯಾಕ್ಸಿನ್ನನ್ನೂ ಹೀರಿಸಿದರು. ಬಟ್ಟೆಯ ಚೀಲಗಳಲ್ಲಿ ಸೋಸಿದರು. ಜರ್ಮನಿಯ ಕಸದ ಕುಲುಮೆಗಳೆಲ್ಲ ಸೇರಿ 1990ರಲ್ಲಿ ವರ್ಷಕ್ಕೆ 400 ಗ್ರಾಂ ಡಯಾಕ್ಸಿನ್ ಬಿಡುತ್ತಿದ್ದುದು ಹತ್ತೇ ವರ್ಷಗಳಲ್ಲಿ ಅರ್ಧ ಗ್ರಾಂಗಿಂತಲೂ ಕೆಳಗಿಳಿಯಿತೆಂದು ಅಲ್ಲಿಯ ಪರಿಸರ ಮಂತ್ರಾಲಯವು ಲೆಕ್ಕಹಾಕಿದೆ. ಇದು ಸಣ್ಣ ಸಾಧನೆಯಲ್ಲ. ಕುಲುಮೆಯೆಂದೊಡನೆ ಕೆರಳುವ ನನ್ನ ಮಿತ್ರರು ಕೆಲವರು ಈ ಅಂಕಿಯನ್ನು ಕೇಳಲು ಇಷ್ಟಪಡುವುದಿಲ್ಲ. ನಿಜವಾದುದು ನಮ್ಮ ಪಕ್ಷಕ್ಕೆ ಅನುಕೂಲವಾಗದಿದ್ದರೂ ನಿಜವೇ.

ಆದರೆ ಸೋಸಿದ ವಿಷವೆಲ್ಲಿ? ಅದು ಶೋಧಕದ ಬೂದಿಯಲ್ಲಿದೆ. ಹೊಗೆ ಎಷ್ಟು ಶುದ್ಧವಾಯಿತೋ ಹಾರುಬೂದಿ ಅಷ್ಟು ಅಶುದ್ಧವಾಯಿತು. ಅಮೆರಿಕದ ಫಿಲಡೆಲ್ಫಿಯ ನಗರದ ಕುಲುಮೆಯ ಸುಮಾರು ಹದಿನಾಲ್ಕು ಸಾವಿರ ಟನ್ ಬೂದಿಯನ್ನು ಹೊತ್ತು 1986ರಲ್ಲಿ ಹೊರಟ ಖಿಯಾನ್ ಸೀ ಎಂಬ ಹಡಗಿನ ಕಥೆಯನ್ನು ಕೇಳಿದರೆ, ಶಾಪಗ್ರಸ್ತನಾದ ನಾವಿಕನ ಪುರಾಣವೊಂದನ್ನು ಕೇಳಿದಂತಾಗುತ್ತದೆ. ಒಂದು ದೇಶವಾದ ಮೇಲೊಂದು ದೇಶವು ಬೇಡವೆಂದಿತು. 1988ರಲ್ಲಿ ಹೈಟಿ ದೇಶದ ಗೊನಾಯೀವ್ ಎಂಬ ಊರಿನ ಕಡಲತೀರದಲ್ಲಿ ಅದನ್ನು ಗೊಬ್ಬರವೆಂದು ಹೇಳಿ ಸುಮಾರು ನಾಲ್ಕು ಸಾವಿರ ಟನ್ನನ್ನು ಸುರಿದು, ಸರಕಾರವು ಎಚ್ಚೆತ್ತು ತಡೆಯುವಷ್ಟರಲ್ಲಿ ಹಡಗು ಲಂಗರನ್ನೆತ್ತಿ ಹೊರಟುಹೋಯಿತು. ಹೆಸರನ್ನು ಬದಲಿಸಿಕೊಂಡು ಅಲೆಯಿತು. ಉಳಿದುದನ್ನು ಅಟ್ಲಾಂಟಿಕ್ ಮತ್ತು ಹಿಂದೂ ಮಹಾಸಾಗರಗಳಲ್ಲಿ ಚೆಲ್ಲಿ ಬರಿದಾಯಿತು. ಹೈಟಿಯಲ್ಲಿ ಸುರಿದುದರಲ್ಲಿ ಉಳಿದಷ್ಟನ್ನು ಹನ್ನೆರಡು ವರ್ಷಗಳ ಮೇಲೆ ಮತ್ತೆ ತುಂಬಿಕೊಂಡು ಹೋಗಿ, ಕೊನೆಗೆ ಅದು ಹೊರಟ ಪೆನ್ಸಿಲ್ವೇನಿಯ ರಾಜ್ಯದ ಮಣ್ಣಿನಲ್ಲಿಯೇ 2002ರಲ್ಲಿ ಹುಗಿದರು. ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದಲ್ಲಿ ಬೂದಿಯು ಇಷ್ಟು ದೂರ ಹೋಗಲಿಲ್ಲ. ತರಕಾರಿ ಬೆಳೆಯುವ ತೋಟಗಳ ಕಾಲುದಾರಿಗೆ ಅದನ್ನೇ ಹಾಸಿದರು, ಆಮೇಲೆ ಅಲ್ಲಿ ಕೆದಕುತ್ತಿದ್ದ ಕೋಳಿಗಳ ಮೊಟ್ಟೆಯಲ್ಲಿ ಡಯಾಕ್ಸಿನ್ ಸಿಕ್ಕಿತು.

ಇನ್ನು ನಮ್ಮ ದೇಶದ ಸಂಗತಿ. 1987ರಲ್ಲಿ ದೆಹಲಿಯ ತಿಮಾರ್‌ಪುರದಲ್ಲಿ ಡೆನ್ಮಾರ್ಕಿನ ತಂತ್ರದಿಂದ ದಿನಕ್ಕೆ 300 ಟನ್ ಕಸವನ್ನು ಸುಟ್ಟು ವಿದ್ಯುತ್ತನ್ನು ಪಡೆಯುವ ಕುಲುಮೆಯನ್ನು ಕಟ್ಟಿದರು. ಅದು ಕೆಲವೇ ದಿನ ನಡೆದು ನಿಂತಿತು. ಡೆನ್ಮಾರ್ಕಿನ ಕಸವು ಕಾಗದ ರಟ್ಟುಗಳ ಕಸ. ನಮ್ಮದು ಅಡಿಗೆಮನೆಯ ಕಸ, ಅದರ ತೂಕದಲ್ಲಿ ಸುಮಾರು ಅರ್ಧ ನೀರು, ಉಳಿದುದರಲ್ಲಿ ರಸ್ತೆಯ ಧೂಳು. ಅದು ತಾನಾಗಿ ಉರಿಯದು. ಒಲೆಯೊಳಕ್ಕೆ ಹಸಿ ಸೌದೆಯನ್ನಿಟ್ಟು ಊದುಗೊಳವೆಯಿಂದ ಊದಿ ಊದಿ ಕಣ್ಣೀರು ಸುರಿಸಿದ ನಮ್ಮ ಮನೆಯ ಹೆಂಗಸರಲ್ಲಿ ಒಬ್ಬರನ್ನಾದರೂ ಆ ತಜ್ಞರು ಕೇಳಿದ್ದರೆ ಈ ವೆಚ್ಚವು ಉಳಿಯುತ್ತಿತ್ತು. ಹಸಿಯ ಕಸವನ್ನು ಸುಡುವಾಗ ತಾಪವು 850ಕ್ಕೆ ಏರುವುದಿಲ್ಲ, ತಾಪವು ಏರದಿದ್ದರೆ ಮೇಲೆ ಹೇಳಿದ ರಕ್ಷಣೆಯೊಂದೂ ನಿಲ್ಲುವುದಿಲ್ಲ. ಪಾಠವನ್ನು ನಾವು ಕಲಿತೆವೋ ಇಲ್ಲವೋ ಹೇಳಲಾರೆನು. 2012ರಲ್ಲಿ ಅದೇ ನಗರದ ಓಖ್ಲಾದಲ್ಲಿ, ಜನವಸತಿಗೆ ತಗುಲಿಕೊಂಡೇ, ಮತ್ತೊಂದು ಕುಲುಮೆಯು ಉರಿಯತೊಡಗಿ, ಸುಖದೇವ ವಿಹಾರದ ನಿವಾಸಿಗಳು ನ್ಯಾಯಾಲಯದಿಂದ ನ್ಯಾಯಾಲಯಕ್ಕೆ ವರ್ಷಗಟ್ಟಲೆ ಅಲೆದರು. ನಮ್ಮಲ್ಲಿಯೂ ಬಿಡದಿಯಲ್ಲಿ, ದಿನಕ್ಕೆ 600 ಟನ್ ಕಸದಿಂದ ಹನ್ನೊಂದೂವರೆ ಮೆಗಾವ್ಯಾಟ್ ವಿದ್ಯುತ್ತನ್ನು ಪಡೆಯುವ ಉದ್ದೇಶದ ಸ್ಥಾವರವು ಎದ್ದಿದೆ. ಒಂದು ಲೆಕ್ಕವನ್ನು ನಾನು ಕಾಗದದ ಮೇಲೆ ಮಾಡಿ ನೋಡಿದೆನು. ಒಂದು ಟನ್ ಕಸಕ್ಕೆ ಸುಮಾರು ಐದು ಸಾವಿರ ಘನಮೀಟರ್ ಹೊಗೆಯೆಂದರೆ, ಇಂಥ ಗಾತ್ರದ ಯಾವುದೇ ಕುಲುಮೆಯು 0.1 ನ್ಯಾನೊಗ್ರಾಮಿನ ಮಿತಿಯನ್ನು ತಪ್ಪದೆ ಪಾಲಿಸಿದರೆ ವರ್ಷಕ್ಕೆ ಹೊರಗೆ ಬಿಡುವ ಡಯಾಕ್ಸಿನ್ ಒಂದು ಗ್ರಾಮಿನ ಹತ್ತನೆಯ ಒಂದು ಪಾಲು ಮಾತ್ರ. ಮಿತಿಯು 2016ರ ನಮ್ಮ ನಿಯಮಗಳಲ್ಲಿಯೂ ಅದೇ. “ತಪ್ಪದೆ ಪಾಲಿಸಿದರೆ” ಎಂಬ ಎರಡು ಶಬ್ದಗಳಲ್ಲಿ ಎಲ್ಲವೂ ಇದೆ. ಧೂಳನ್ನೂ ಆಮ್ಲವನ್ನೂ ಯಂತ್ರವು ಕ್ಷಣಕ್ಷಣಕ್ಕೆ ಅಳೆಯಬಲ್ಲುದು. ಡಯಾಕ್ಸಿನ್ನನ್ನು ಅಳೆಯಲು ಗಂಟೆಗಟ್ಟಲೆ ಹೊಗೆಯನ್ನು ಹಿಡಿದು ದೂರದ ಪ್ರಯೋಗಶಾಲೆಗೆ ಕಳುಹಿಸಬೇಕು. ಯುರೋಪಿನಲ್ಲಿಯೂ ಅದು ವಾಡಿಕೆಯಾಗಿ ವರ್ಷಕ್ಕೆ ಎರಡು ಸಲ ನಡೆಯುವ ಪರೀಕ್ಷೆ. ಕುಲುಮೆಯನ್ನು ಹೊತ್ತಿಸುವಾಗಲೂ ಆರಿಸುವಾಗಲೂ ವಿಷವು ಹೆಚ್ಚಾಗಿ ಹುಟ್ಟುತ್ತದೆ. ಪರೀಕ್ಷಕನು ಬರುವುದು ಅದು ನೆಮ್ಮದಿಯಾಗಿ ಉರಿಯುತ್ತಿರುವ ದಿನ.

ಇಷ್ಟು ಹೇಳಿದ ಮೇಲೆ ನನ್ನ ಅಭಿಪ್ರಾಯವನ್ನು ಮರೆಸದೆ ಹೇಳಿಬಿಡುತ್ತೇನೆ. ನನಗೆ ಹೆಚ್ಚು ಭಯವಿರುವುದು ಬಿಡದಿಯ ಚಿಮಣಿಯಲ್ಲಲ್ಲ, ಮಳೆಮರದ ಬುಡದ ಆ ಪುಟ್ಟ ಗುಡ್ಡೆಯಲ್ಲಿ. ಡಯಾಕ್ಸಿನ್ ಹುಟ್ಟಲು ಬೇಕಾದ ಅನುಕೂಲಗಳನ್ನೆಲ್ಲ ಯಾರಾದರೂ ಜಾಣ್ಮೆಯಿಂದ ಒಂದೆಡೆ ಕೂಡಿಸಬೇಕೆಂದರೆ ಬೀದಿಯ ಬೆಂಕಿಗಿಂತ ಮಿಗಿಲಾದುದನ್ನು ರಚಿಸಲಾರರು: ತಾಪವು ಕಡಮೆ, ಗಾಳಿಯು ಸಾಲದು, ಕಸವು ಅರೆಹಸಿ, ಬೆರಕೆಯು ಪರಿಪೂರ್ಣ, ಚಿಮಣಿಯಿಲ್ಲ, ಸುಣ್ಣವಿಲ್ಲ, ಇದ್ದಿಲಿಲ್ಲ, ಹೊಗೆಯು ಮೂಗಿನ ಮಟ್ಟದಲ್ಲಿಯೇ. ಅಮೆರಿಕದ ಹಳ್ಳಿಗಾಡಿನವರು ಹಿತ್ತಿಲ ಪೀಪಾಯಿಯಲ್ಲಿ ಮನೆಯ ಕಸವನ್ನು ಸುಡುವುದನ್ನು ಅಲ್ಲಿಯ ಪರಿಸರ ಸಂರಕ್ಷಣಾ ಸಂಸ್ಥೆಯು ಪರೀಕ್ಷಿಸಿ ನೋಡಿದಾಗ, ಕೆಲವೇ ಮನೆಗಳ ಪೀಪಾಯಿಗಳು ದಿನಕ್ಕೆ 200 ಟನ್ ಸುಡುವ ಸುಸಜ್ಜಿತ ಕುಲುಮೆಯೊಂದಕ್ಕೆ ಸರಿದೊರೆಯಾದಷ್ಟು ಡಯಾಕ್ಸಿನ್ನನ್ನು ಬಿಡಬಲ್ಲವೆಂದು ತಿಳಿದುಬಂದಿತು. ಆಗ್ರಾದಲ್ಲಿ ತಾಜಮಹಲಿನ ಅಮೃತಶಿಲೆಯು ಕಂದುತ್ತಿದೆಯೆಂದು ಬೆರಣಿಯನ್ನು ಸುಡಕೂಡದೆಂದು ಅಧಿಕಾರಿಗಳು ಆಜ್ಞೆ ಮಾಡಿದರು. ಆಮೇಲೆ 2016ರಲ್ಲಿ ಪ್ರಕಟವಾದ ಸಂಶೋಧನೆಯೊಂದು, ಗುಮ್ಮಟದ ಮೇಲೆ ಕೂರುವ ಸೂಕ್ಷ್ಮಕಣಗಳಲ್ಲಿ ಬೆರಣಿಯ ಪಾಲಿಗಿಂತ ಬೀದಿಯಲ್ಲಿ ಸುಡುವ ಕಸದ ಪಾಲು ಎಷ್ಟೋ ಪಟ್ಟು ಹೆಚ್ಚೆಂದು ತೋರಿಸಿತು. ಬಡವಳ ಒಲೆಯನ್ನು ಆರಿಸುವುದು ಸುಲಭ. ಪುರಸಭೆಯ ಗುಡ್ಡೆಯನ್ನು ಆರಿಸುವುದು ಹಾಗಲ್ಲ. ಗುಡ್ಡೆಯು ಬೆಳೆದು ಬೆಟ್ಟವಾದರೆ ಆಗುವುದೇನೆಂಬುದನ್ನು 2023ರ ಮಾರ್ಚಿ ತಿಂಗಳಲ್ಲಿ ಕೊಚ್ಚಿಯ ಬ್ರಹ್ಮಪುರವು ಕಂಡಿತು: 2ನೆಯ ತಾರೀಖು ಹೊತ್ತಿಕೊಂಡ ಪ್ಲಾಸ್ಟಿಕ್ಕಿನ ರಾಶಿಯು ಹತ್ತು ದಿನಕ್ಕೂ ಮೇಲೆ ಉರಿದು, ಶಾಲೆಗಳು ಮುಚ್ಚಿ, ಹಸಿರು ನ್ಯಾಯಮಂಡಳಿಯು ಆ ನಗರಪಾಲಿಕೆಗೆ ನೂರು ಕೋಟಿ ರೂಪಾಯಿಗಳ ದಂಡವನ್ನು ಹಾಕಿತು.

ದಂಡದ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಬೇಕು. ಬಯಲಿನಲ್ಲಿ ಕಸವನ್ನು ಸುಡುವುದನ್ನು ಇಡೀ ದೇಶದಲ್ಲಿ ನಿಷೇಧಿಸಿದ ಆದೇಶವು ಹೊರಬಂದದ್ದು 2016ನೆಯ ಡಿಸೆಂಬರ್ 22ರಂದು, ಆ ಮೊಕದ್ದಮೆಯನ್ನು 1996ರಲ್ಲಿ ಹೂಡಿದವರು ನಮ್ಮ ಬೆಂಗಳೂರಿನ ನಿವಾಸಿಯಾದ ಅಲ್ಮಿತ್ರಾ ಪಟೇಲ್ ಎಂಬ ಮಹಿಳೆ. ಇಪ್ಪತ್ತು ವರ್ಷ ಒಂದು ತಿಪ್ಪೆಯ ಬೆನ್ನುಹತ್ತಿ ನಡೆಯುವುದೆಂದರೆ ಅದೂ ಒಂದು ತಪಸ್ಸೇ. ಸಣ್ಣ ಬೆಂಕಿಗೆ 5,000 ರೂಪಾಯಿ, ದೊಡ್ಡ ಬೆಂಕಿಗೆ 25,000 ರೂಪಾಯಿ ದಂಡವೆಂದು ಆ ಆದೇಶವು ಗೊತ್ತುಮಾಡಿತು. ನ್ಯಾಯವಾದುದೇ. ಆದರೆ ದಂಡವು ಬೀಳುವುದು ಕಡ್ಡಿ ಗೀರಿದ ಕೈಯ ಮೇಲೆ. ಬೆರೆಸಿದ ಕೈಯನ್ನು ಯಾವ ನ್ಯಾಯಾಲಯವೂ ಹುಡುಕಿ ಹಿಡಿಯಲಾರದು. ಹಿಂದಿನ ರಾತ್ರಿ ತನ್ನ ಅಡಿಗೆಮನೆಯಲ್ಲಿ ಮೊಸರಿನ ಪೊಟ್ಟಣವನ್ನೂ, ಬಾಳೆಹಣ್ಣಿನ ಸಿಪ್ಪೆಯನ್ನೂ, ಕೆಟ್ಟುಹೋದ ವಿದ್ಯುದ್ದೀಪವನ್ನೂ ಒಂದೇ ಚೀಲಕ್ಕೆ ತುಂಬಿ, ಗಂಟುಹಾಕಿ, ಕತ್ತಲಲ್ಲಿ ಮರದ ಬುಡಕ್ಕೆ ಇಟ್ಟುಬಂದ ಗೃಹಸ್ಥನು ಮರುದಿನ ಮುಂಜಾನೆ ಮೂಗಿಗೆ ಕರವಸ್ತ್ರವನ್ನು ಹಿಡಿದು ನಡೆಯುತ್ತಾನೆ.

ಹೋದ ಮಾಗಿಯಲ್ಲಿ ನಾನು ಆ ಗುಡ್ಡೆಯ ಮುಂದೆ ನಿಂತು, ಬೀದಿ ಗುಡಿಸುವ ಹೆಂಗಸನ್ನು, ಸುಡಬಾರದೆಂದು ಕಾನೂನಿದೆಯಲ್ಲಮ್ಮಾ ಎಂದು, ವಿದ್ಯಾವಂತನ ಗತ್ತಿನಿಂದಲೇ ಕೇಳಿದೆನು. ಅವಳು ಕೋಪಿಸಿಕೊಳ್ಳಲಿಲ್ಲ. “ಎಲೆ ತುಂಬ್ಕೊಳ್ಳಲ್ಲ ಸಾಮಿ ಗಾಡಿಯೋರು. ಬಿಟ್ರೆ ಮೇಸ್ತ್ರಿ ಬಯ್ತಾನೆ. ನಾನೇನ್ ಮಾಡ್ಲಿ?” ಎಂದಳು. ಎಲೆಯಾದರೆ ಸರಿ, ಅದರೊಳಗೆ ಪ್ಲಾಸ್ಟಿಕ್ ಇದೆಯಲ್ಲ ಎಂದೆನು. ಅವಳು ಪೊರಕೆಯ ಹಿಡಿಯಿಂದ ಗುಡ್ಡೆಯನ್ನು ಕೆದಕಿ, ಅಂಚು ಸುಟ್ಟು ಮುದುಡಿದ್ದ ಒಂದು ಹಾಲಿನ ಪೊಟ್ಟಣವನ್ನು ಹೊರಗೆಳೆದು, ಕಾಲಿನಿಂದ ಮೆಟ್ಟಿ ಕಿಡಿಯನ್ನು ಆರಿಸಿ, ನನ್ನ ಕಡೆಗೆ ಚಾಚಿ, “ತಗೊಳ್ಳಿ, ಇದನ್ನ ಎಲ್ಲಿ ಹಾಕ್ಲಿ, ನೀವೇ ಹೇಳಿ” ಎಂದಳು. ಅದು ನಮ್ಮ ಮನೆಗೆ ನಿತ್ಯವೂ ಬರುವ ಹಾಲಿನದೇ ಪೊಟ್ಟಣ. ನಮ್ಮದೇ ಎಂದು ಹೇಳಲಾರೆನು, ಅಲ್ಲವೆಂದೂ ಹೇಳಲಾರೆನು. ನನಗೆ ಉತ್ತರವು ಹೊಳೆಯಲಿಲ್ಲ. ಅದನ್ನು ಎರಡು ಬೆರಳಿನಲ್ಲಿ ಹಿಡಿದುಕೊಂಡು ಮನೆಗೆ ಬಂದೆನು. ಒಣಕಸದ ಗಾಡಿಯು ಬರುವ ದಿನದವರೆಗೆ ಅದು ನಮ್ಮ ಜಗುಲಿಯ ಮೂಲೆಯಲ್ಲಿ ಬಿದ್ದಿದ್ದಿತು.